ಚಲಚ್ಚಿತ್ರಗಳಲ್ಲಿ ಆತ್ಮಮೋಹದ ಚಿತ್ರಣ

ತನ್ನನ್ನು ತಾನು ಪ್ರೀತಿಸದ ಜೀವಿ ಲೋಕದಲ್ಲಿ ಇಲ್ಲ. ಹಸಿವಾದಾಗ ಅಳುವ ಶಿಶುವಿಗೆ ತನ್ನ ಹೊಟ್ಟೆಯೇ ಪ್ರಪಂಚ. ಪರೀಕ್ಷೆಯ ಫಲಿತಾಂಶ ಪ್ರಕಟವಾದಾಗ ನಾವೆಲ್ಲರೂ ಮೊದಲು ಹುಡುಕುವದು ನಮ್ಮ ಸಂಖ್ಯೆಯನ್ನೇ. ನೆರೆಯವನ ಸಂಖ್ಯೆ ಆಮೇಲೆ. ಇಷ್ಟು ಸ್ವಪ್ರೀತಿ ಇಲ್ಲದಿದ್ದರೆ ಮನುಷ್ಯನು ಮೈತೊಳೆಯಲಾರ, ಓದಲಾರ, ದುಡಿಯಲಾರ. ಆದರೆ ಇದೇ ಪ್ರೀತಿ ಹದಗೆಟ್ಟು ತಾನೊಬ್ಬನೇ ಸತ್ಯ, ಉಳಿದವರೆಲ್ಲ ತನ್ನನ್ನು ತೋರಿಸಲು ಇರುವ ಕನ್ನಡಿಗಳು ಎಂದು ಬಗೆಯುವ ಸ್ಥಿತಿಗೆ ಬಂದಾಗ ಅದು ಒಂದು ದೋಷವಾಗುವದು. ಕೆಲವರಲ್ಲಿ ರೋಗವೂ ಆಗುವದು. ಈ ದೋಷವನ್ನು ನಾಟಕೀಯ ಚಲಚ್ಚಿತ್ರಗಳು, ವಿಶೇಷವಾಗಿ ನಮ್ಮ ಕನ್ನಡ ಚಿತ್ರಗಳು, ಹೇಗೆ ಚಿತ್ರಿಸಿವೆ ಎಂಬುದನ್ನು ವಿಚಾರಿಸುವದೇ ಈ ಲೇಖನದ ಉದ್ದೇಶ.

1. ಪದವಿಚಾರ

ಈ ದೋಷಕ್ಕೆ ಪಾಶ್ಚಾತ್ಯರು 'ನಾರ್ಸಿಸಿಸಂ' ಎಂದು ಹೆಸರಿಟ್ಟಿದ್ದಾರೆ. ಕನ್ನಡದಲ್ಲಿ ಹಲವರು ಇದನ್ನು 'ಆತ್ಮರತಿ' ಎಂದು ಕರೆಯುವದುಂಟು. ಆದರೆ ಈ ಶಬ್ದದಲ್ಲಿ ಒಂದು ತೊಡಕಿದೆ. ಉಪನಿಷತ್ತುಗಳಲ್ಲಿಯೂ ಭಗವದ್ಗೀತೆಯ ಮೂರನೆಯ ಅಧ್ಯಾಯದಲ್ಲಿಯೂ ಆತ್ಮರತಿ ಎಂಬುದು ಜ್ಞಾನಿಯ ಲಕ್ಷಣ. ಅಲ್ಲಿ ಆತ್ಮವೆಂದರೆ ಎಲ್ಲರಲ್ಲಿಯೂ ಇರುವ ಒಂದೇ ತತ್ತ್ವ. ನಾವು ಹೇಳಹೊರಟಿರುವದು ಅದಕ್ಕೆ ತೀರ ವಿರುದ್ಧವಾದ ಸಂಗತಿ. ಆದಕಾರಣ ಈ ಲೇಖನದಲ್ಲಿ 'ಆತ್ಮಮೋಹ' ಎಂಬ ಶಬ್ದವನ್ನು ಬಳಸಲಾಗಿದೆ. ಅದೇ ಗೀತೆಯ ಹದಿನಾರನೆಯ ಅಧ್ಯಾಯದಲ್ಲಿ ಆಸುರೀ ಸ್ವಭಾವದ ವರ್ಣನೆ ಇದೆ. ಇಂದು ಇದನ್ನು ಗಳಿಸಿದೆ, ನಾಳೆ ಅದನ್ನು ಗಳಿಸುವೆ, ಶತ್ರುವನ್ನು ಕೊಂದೆ, ನನಗೆ ಸಮಾನರು ಯಾರು ಎಂದು ಒಳಗೊಳಗೇ ಎಣಿಕೆ ಹಾಕುವ ಮನುಷ್ಯನ ಚಿತ್ರವದು. ಆತ್ಮಮೋಹಕ್ಕೆ ಇದಕ್ಕಿಂತ ಹಳೆಯ, ಇದಕ್ಕಿಂತ ಸ್ಪಷ್ಟವಾದ ಲಕ್ಷಣವನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ.

ಇನ್ನೊಂದು ಶಬ್ದವೂ ಗಮನಾರ್ಹವಾಗಿದೆ. ಸಾಂಖ್ಯಶಾಸ್ತ್ರದಲ್ಲಿ 'ಅಭಿಮಾನ' ಎಂದರೆ ಅಹಂಕಾರದ ವ್ಯಾಪಾರ; 'ಇದು ನಾನು, ಇದು ನನ್ನದು' ಎಂಬ ಭಾವನೆ. ಕನ್ನಡದಲ್ಲಿ ಅದು ಮೃದುವಾಗಿ, ಪ್ರೀತಿಯೆಂಬ ಅರ್ಥ ಪಡೆದು, ಕೊನೆಗೆ ಚಿತ್ರನಟರ ಭಕ್ತರಿಗೆ 'ಅಭಿಮಾನಿ' ಎಂಬ ಹೆಸರಾಗಿ ನಿಂತಿದೆ. ಈ ಶಬ್ದದ ಪ್ರವಾಸವನ್ನು ಮುಂದೆ ಮತ್ತೆ ನೆನೆಯಬೇಕಾದೀತು.

2. ನಾರ್ಸಿಸಸ್ ಮತ್ತು ಎಕೋ

ನಾರ್ಸಿಸಿಸಂ ಎಂಬ ಹೆಸರು ಬಂದುದು ಗ್ರೀಕರ ಒಂದು ಪುರಾಣಕಥೆಯಿಂದ. ರೋಮದ ಕವಿ ಓವಿಡ್ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ತನ್ನ 'ಮೆಟಮಾರ್ಫೊಸಿಸ್' ಕಾವ್ಯದಲ್ಲಿ ಇದನ್ನು ವಿಸ್ತಾರವಾಗಿ ಹೇಳಿದ್ದಾನೆ. ನಾರ್ಸಿಸಸ್ ಅತಿ ಸುಂದರನಾದ ತರುಣ. ತನ್ನನ್ನು ಮೆಚ್ಚಿ ಬಂದವರನ್ನೆಲ್ಲ ಅವನು ತಿರಸ್ಕರಿಸಿದನು. ಒಂದು ದಿನ ಕೊಳದ ನೀರಿನಲ್ಲಿ ತನ್ನ ಪ್ರತಿಬಿಂಬವನ್ನು ಕಂಡು, ಅದು ತಾನೇ ಎಂಬುದನ್ನು ಮೊದಲಿಗೆ ಅರಿಯದೆ, ಅದರಲ್ಲಿ ಅನುರಕ್ತನಾಗಿ, ಅಲ್ಲಿಯೇ ಸೊರಗಿ ಸತ್ತನು.

ಕಥೆಯ ಈ ಅರ್ಧವು ಎಲ್ಲರಿಗೂ ಗೊತ್ತು. ಇನ್ನೊಂದು ಅರ್ಧವನ್ನು ನಾವು ಮರೆಯುತ್ತೇವೆ. ನಾರ್ಸಿಸಸ್‌ನನ್ನು ಪ್ರೀತಿಸಿದವರಲ್ಲಿ ಎಕೋ ಎಂಬ ವನದೇವತೆ ಒಬ್ಬಳು. ಒಂದು ಶಾಪದ ಫಲವಾಗಿ ಅವಳಿಗೆ ಸ್ವಂತ ಮಾತನ್ನು ಆಡುವ ಶಕ್ತಿ ಹೋಗಿತ್ತು. ಇತರರು ಆಡಿದ ಕೊನೆಯ ಮಾತುಗಳನ್ನು ಮರುನುಡಿಯಬಲ್ಲಳು, ಅಷ್ಟೇ. ಅವನಿಂದ ತಿರಸ್ಕೃತಳಾದ ಅವಳು ಗುಹೆಗಳಲ್ಲಿ ಅಡಗಿ, ಮೈ ಕರಗಿ, ಕೊನೆಗೆ ಬರಿಯ ಪ್ರತಿಧ್ವನಿಯಾಗಿ ಉಳಿದಳು. ಅಂದರೆ ಒಬ್ಬನು ತನ್ನ ರೂಪವನ್ನು ನೋಡುತ್ತ ನಿಂತ ಕಾಲಕ್ಕೆ ಇನ್ನೊಬ್ಬಳು ತನ್ನ ದನಿಯನ್ನು ಕಳೆದುಕೊಂಡು ಅಲೆಯುತ್ತಿದ್ದಳು.

ಆತ್ಮಮೋಹವನ್ನು ಚಿತ್ರಿಸುವ ಚಲಚ್ಚಿತ್ರವನ್ನು ಪರೀಕ್ಷಿಸುವದಕ್ಕೆ ಈ ಕಥೆಯಿಂದ ನಮಗೆ ಎರಡು ಪ್ರಶ್ನೆಗಳು ದೊರೆಯುತ್ತವೆ. ಇಲ್ಲಿ ಕನ್ನಡಿ ಯಾವುದು? ಇಲ್ಲಿ ದನಿ ಕಳೆದುಕೊಂಡವರು ಯಾರು? ಮೊದಲನೆಯ ಪ್ರಶ್ನೆಗೆ ಉತ್ತರ ಹೇಳದ ಚಿತ್ರ ವಿರಳ. ಮೋಹಿಯ ಠೀವಿ, ಮಾತು, ವೇಷ ಇವೆಲ್ಲ ತೆರೆಗೆ ಶೋಭೆ ತರುವಂಥವು. ಎರಡನೆಯ ಪ್ರಶ್ನೆಗೂ ಉತ್ತರ ಕೊಡಬಲ್ಲ ಚಿತ್ರವೇ ಉತ್ತಮ ಚಿತ್ರವೆಂದು ನನ್ನ ಅಭಿಪ್ರಾಯ.

3. ಮನಶ್ಶಾಸ್ತ್ರದ ನೋಟ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹ್ಯಾವ್‌ಲಾಕ್ ಎಲ್ಲಿಸ್ ಮೊದಲಾದವರು ಈ ಪುರಾಣದ ಹೆಸರನ್ನು ಶಾಸ್ತ್ರಕ್ಕೆ ತಂದರು. 1914ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಈ ವಿಷಯವಾಗಿ ಒಂದು ಪ್ರಬಂಧವನ್ನು ಬರೆದು, ಆತ್ಮಪ್ರೀತಿಯ ಒಂದಂಶವು ಎಲ್ಲರ ಬೆಳವಣಿಗೆಯಲ್ಲಿಯೂ ಸಹಜವಾದದ್ದು ಎಂದು ತೋರಿಸಿದನು. 1980ರಲ್ಲಿ ಅಮೇರಿಕೆಯ ಮನೋವೈದ್ಯರ ಸಂಘವು ತನ್ನ ಕೈಪಿಡಿಯ ಮೂರನೆಯ ಆವೃತ್ತಿಯಲ್ಲಿ ಇದನ್ನು ವ್ಯಕ್ತಿತ್ವದ ಒಂದು ವಿಕಾರವೆಂದು ಸೇರಿಸಿತು. 2013ರ ಐದನೆಯ ಆವೃತ್ತಿಯಲ್ಲಿ ಒಂಬತ್ತು ಲಕ್ಷಣಗಳನ್ನು ಹೇಳಿ, ಅವುಗಳಲ್ಲಿ ಐದಾದರೂ ಇರಬೇಕೆಂದು ವಿಧಿಸಲಾಗಿದೆ. ತನ್ನ ಹಿರಿಮೆಯ ಅತಿಯಾದ ಕಲ್ಪನೆ, ಸದಾ ಹೊಗಳಿಕೆಯ ಹಸಿವು, ಇತರರನ್ನು ಸಾಧನವಾಗಿ ಬಳಸಿಕೊಳ್ಳುವದು, ಅವರ ನೋವು ಮುಟ್ಟದಿರುವದು, ಅಸೂಯೆ, ದರ್ಪ — ಇವು ಅವುಗಳಲ್ಲಿ ಮುಖ್ಯವಾದವು. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವಾದರೋ ಈ ಹೆಸರಿನ ಬೇರೆ ವಿಭಾಗವನ್ನೇ ಇಟ್ಟಿಲ್ಲ; ವ್ಯಕ್ತಿತ್ವದ ವಿಕಾರ ಎಷ್ಟು ತೀವ್ರವಾಗಿದೆ ಎಂಬುದನ್ನು ಅದು ಅಳೆಯುತ್ತದೆ.

ಇನ್ನೊಂದು ಮಾತು. ಆತ್ಮಮೋಹಿಗಳಲ್ಲಿ ಗರ್ಜಿಸುವವರು ಇರುವಂತೆ ಮುದುಡಿಕೊಳ್ಳುವವರೂ ಇದ್ದಾರೆಂದು ಶಾಸ್ತ್ರಜ್ಞರು ಹೇಳುತ್ತಾರೆ. ಎರಡನೆಯವರು ಮೇಲ್ನೋಟಕ್ಕೆ ವಿನಯವಂತರು. ಆದರೆ ಒಂದು ಸಣ್ಣ ಟೀಕೆಯಿಂದಲೂ ಕುಸಿದುಹೋಗುವರು. ಗರ್ಜನೆಯ ಹಿಂದೆಯೂ ಎಷ್ಟೋ ವೇಳೆ ಇಂಥದೇ ಅಂಜಿಕೆ ಇರುವದು. ಯಾರೊಬ್ಬರನ್ನೂ ಈ ಹೆಸರಿನಿಂದ ಗುರುತಿಸುವ ಅಧಿಕಾರ ವೈದ್ಯರದೇ ಹೊರತು ನಮ್ಮದಲ್ಲ. ಕೆಳಗೆ ಹೇಳುವ ಪಾತ್ರಗಳು ರೋಗಿಗಳೆಂದು ಈ ಲೇಖನದ ತಾತ್ಪರ್ಯವಲ್ಲ. ಒಂದು ಮನೋಧರ್ಮದ ಚಿತ್ರಗಳು ಎಂದಷ್ಟೇ ವಾಚಕರು ತಿಳಿಯಬೇಕು.

4. ಸಿಂಹಾಸನದ ಮೇಲಿನ ಮೋಹ: ಹಿರಣ್ಯಕಶಿಪು

ನಮ್ಮ ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ ತಾಲೂಕುಗಳ ಹಳ್ಳಿಗಳಿಂದ ಬಂದ ವಿದ್ಯಾರ್ಥಿಗಳಿಗೆ ದೊಡ್ಡಾಟದ ಪದ್ಧತಿ ತಿಳಿಯದ್ದಲ್ಲ. ಆಡೂರಿನಂಥ ಊರಿನ ಹಿರಿಯರನ್ನು ಕೇಳಿದರೆ ರಾಕ್ಷಸ ಪಾತ್ರದ ಪ್ರವೇಶವನ್ನು ಅವರು ಕುಣಿದು ತೋರಿಸಬಲ್ಲರು. ಪಾತ್ರವು ರಂಗಕ್ಕೆ ಬಂದ ಕೂಡಲೆ ಸಾರಥಿಯು 'ತಾವು ಯಾರು?' ಎಂದು ಕೇಳುವನು. ಪಾತ್ರಧಾರಿಯು ತನ್ನ ಕುಲ, ಪ್ರತಾಪ, ಐಶ್ವರ್ಯಗಳನ್ನು ತಾನೇ ವರ್ಣಿಸತೊಡಗುವನು. ಸಾರಥಿಯ ಕೆಲಸ ಹೌದೆನ್ನುವದು. ಆತ್ಮಸ್ತುತಿಯೂ ಪ್ರತಿಧ್ವನಿಯೂ ಒಂದೇ ರಂಗದ ಮೇಲೆ ನಿಂತಿರುವ ಚಿತ್ರವಿದು.

ಈ ಪರಂಪರೆಯೂ ಕಂಪನಿ ನಾಟಕಗಳ ಮಾತುಗಾರಿಕೆಯೂ ಕನ್ನಡದ ಪೌರಾಣಿಕ ಚಿತ್ರಗಳಿಗೆ ಹರಿದುಬಂದವು. ಗುಬ್ಬಿ ಕಂಪನಿಯಲ್ಲಿ ಪಳಗಿದ ಡಾ. ರಾಜಕುಮಾರರು 1958ರ 'ಭೂಕೈಲಾಸ'ದಲ್ಲಿ ರಾವಣನಾಗಿ, 1983ರ 'ಭಕ್ತ ಪ್ರಹ್ಲಾದ'ದಲ್ಲಿ ಹಿರಣ್ಯಕಶಿಪುವಾಗಿ ಅಭಿನಯಿಸಿದರು. ಎರಡನೆಯ ಚಿತ್ರವು ನಮ್ಮ ವಿಷಯಕ್ಕೆ ತೀರ ಹತ್ತಿರವಾದದ್ದು. ವಿಜಯ್ ನಿರ್ದೇಶಿಸಿದ ಈ ಚಿತ್ರದಲ್ಲಿ ಮಗನ ಪಾತ್ರವನ್ನು ಅವರ ಸ್ವಂತ ಪುತ್ರ ಪುನೀತ್ ವಹಿಸಿದ್ದರು. ಕಯಾಧುವಾಗಿ ಸರಿತಾ ಇದ್ದರು.

ಹಿರಣ್ಯಕಶಿಪುವಿನ ಬೇಡಿಕೆಯನ್ನು ವಿಚಾರಿಸಿ ನೋಡಿರಿ. ರಾಜ್ಯ ಅವನಿಗೆ ಇದೆ, ವರಬಲ ಇದೆ, ದೇವತೆಗಳು ಸೋತಿದ್ದಾರೆ. ಆದರೂ ಒಂದು ಮಗುವಿನ ಬಾಯಲ್ಲಿ ತನ್ನ ಹೆಸರು ಬರಲಿಲ್ಲವೆಂದು ಅವನಿಗೆ ನಿದ್ರೆ ಇಲ್ಲ. ಮೂರು ಲೋಕಗಳ ಜಯಜಯಕಾರಕ್ಕಿಂತ ಆ ಒಂದು ಮೌನ ಅವನಿಗೆ ದೊಡ್ಡದಾಗಿ ಕೇಳಿಸುತ್ತದೆ. ಆತ್ಮಮೋಹದ ಒಳಗಿನ ಬಡತನ ಇದೇ. ಸಾವಿರ ಕನ್ನಡಿಗಳಿದ್ದರೂ ತನ್ನನ್ನು ತೋರಿಸದ ಒಂದು ಗೋಡೆಯನ್ನು ಅದು ಸಹಿಸಲಾರದು. ಪ್ರಹ್ಲಾದನು ಪ್ರತಿಧ್ವನಿಯಾಗಲು ಒಪ್ಪದ ಮಗು. ಅದಕ್ಕಾಗಿಯೇ ಅವನಿಗೆ ವಿಷ, ಹಾವು, ಆನೆ. ಗಂಡನ ಆಜ್ಞೆಗೂ ಮಗನ ಪ್ರಾಣಕ್ಕೂ ನಡುವೆ ಸಿಕ್ಕಿ, ಯಾರ ಪರವಾಗಿಯೂ ಪೂರ್ತಿ ಮಾತಾಡಲಾರದ ಕಯಾಧುವೇ ಈ ಕಥೆಯ ಎಕೋ.

5. ದ್ವಿಪಾತ್ರವೆಂಬ ಕನ್ನಡಿ: ಬಭ್ರುವಾಹನ

1977ರಲ್ಲಿ ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ 'ಬಭ್ರುವಾಹನ'ದಲ್ಲಿ ತಂದೆ ಅರ್ಜುನನೂ ಮಗ ಬಭ್ರುವಾಹನನೂ ರಾಜಕುಮಾರರೇ. ಯಜ್ಞಾಶ್ವದ ಬೆನ್ನುಹತ್ತಿ ಮಣಿಪುರಕ್ಕೆ ಬಂದ ಅರ್ಜುನನಿಗೆ, ತಾಯಿಯ ಮಾತಿನಂತೆ ಮಗನು ತಲೆಬಾಗಲು ಬರುತ್ತಾನೆ. ತನ್ನ ಕೀರ್ತಿಯಲ್ಲಿಯೇ ಮುಳುಗಿದ ವೀರನು ಮಗನನ್ನು ಗುರುತಿಸದೆ, ಚಿತ್ರಾಂಗದೆಯ ಶೀಲವನ್ನು ನಿಂದಿಸುತ್ತಾನೆ. ಆಮೇಲೆ ನಡೆಯುವ ವಾಗ್ವಾದ ಕನ್ನಡಿಗರಿಗೆ ಕಂಠಪಾಠವಾಗಿದೆ.

ಒಬ್ಬ ನಟನೇ ಎರಡು ಪಾತ್ರ ವಹಿಸುವದನ್ನು ನಾವು ಸಾಮಾನ್ಯವಾಗಿ ಚಮತ್ಕಾರವೆಂದು ನೋಡುತ್ತೇವೆ. ಇಲ್ಲಿ ಅದು ಕಥೆಯ ಅರ್ಥವೇ ಆಗಿದೆ. ಅರ್ಜುನನ ಮುಂದೆ ನಿಂತಿರುವದು ಅವನದೇ ಮುಖ, ಅವನದೇ ದನಿ, ಅವನದೇ ಬಿಲ್ಗಾರಿಕೆ. ಥಿಯೇಟರಿನಲ್ಲಿ ಕುಳಿತ ಪ್ರತಿಯೊಬ್ಬರಿಗೂ ಅದು ಕಾಣುತ್ತದೆ, ಅವನೊಬ್ಬನಿಗೆ ಕಾಣುವದಿಲ್ಲ. ನೀರಿನಲ್ಲಿ ತನ್ನನ್ನು ಗುರುತಿಸದ ನಾರ್ಸಿಸಸ್‌ನು ತನ್ನ ಬಿಂಬವನ್ನು ಮೋಹಿಸಿದನು. ಅರ್ಜುನನು ತನ್ನ ಬಿಂಬವನ್ನು ಜಾರಿಣಿಯ ಮಗನೆಂದು ಜರೆದನು. ಎರಡರ ಮೂಲ ಒಂದೇ. ತನ್ನ ಬೆನ್ನು ತನಗೆ ಕಾಣದು ಎಂಬ ಗಾದೆ ಮುಖಕ್ಕೂ ಸಲ್ಲುವದೆಂದು ಈ ಚಿತ್ರ ಹೇಳುತ್ತದೆ. ಅರ್ಜುನನು ಮಗನ ಬಾಣದಿಂದ ಸತ್ತು, ನಾಗಮಣಿಯಿಂದ ಮರಳಿ ಬದುಕಿದ ಮೇಲೆಯೇ ಅವನಿಗೆ ಹೆಂಡತಿ ಮಕ್ಕಳು ಕಾಣಿಸಿದ್ದು.

6. ತ್ಯಾಗದ ಕನ್ನಡಿ: ಸಂಸ್ಕಾರ

ಇಲ್ಲಿಯವರೆಗೆ ಕಂಡದ್ದು ಕಿರೀಟ ಧರಿಸಿದ ಆತ್ಮಮೋಹ. ಮಡಿಯುಟ್ಟ ಆತ್ಮಮೋಹವೂ ಉಂಟು. ಅದನ್ನು ಗುರುತಿಸುವದು ಕಠಿಣ. ಯು. ಆರ್. ಅನಂತಮೂರ್ತಿಯವರ 1965ರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ತಯಾರಿಸಿದ 'ಸಂಸ್ಕಾರ' ಚಿತ್ರವು ಈ ದೃಷ್ಟಿಯಿಂದ ಅಭ್ಯಾಸಯೋಗ್ಯವಾಗಿದೆ. ರಾಷ್ಟ್ರಪತಿಗಳ ಸ್ವರ್ಣಪದಕ ಪಡೆದ ಮೊದಲ ಕನ್ನಡ ಚಿತ್ರವಿದು. ಪ್ರಾಣೇಶಾಚಾರ್ಯರಾಗಿ ಗಿರೀಶ ಕಾರ್ನಾಡರು ಅಭಿನಯಿಸಿದ್ದರು.

ಆಚಾರ್ಯರು ದರ್ಪಿಷ್ಠರಲ್ಲ, ಅಗ್ರಹಾರಕ್ಕೆಲ್ಲ ಆದರ್ಶ ಪುರುಷರು. ರೋಗಿಷ್ಠಳಾದ ಭಾಗೀರಥಿಯನ್ನು ತಿಳಿದೂ ತಿಳಿದೂ ಮದುವೆಯಾಗಿ, ಅವಳ ಸೇವೆ ಮಾಡುತ್ತ, ಇದೇ ತಮ್ಮ ತಪಸ್ಸೆಂದು ನಂಬಿದವರು. ಇಲ್ಲಿ ಒಂದು ಸೂಕ್ಷ್ಮವಿದೆ. ಹೆಂಡತಿಯ ರೋಗ ಗಂಡನ ಮೋಕ್ಷಕ್ಕೆ ಮೆಟ್ಟಿಲಾದರೆ, ಆ ಹೆಂಡತಿ ಗಂಡನಿಗೆ ಏನಾದಳು? ಅವನ ಪುಣ್ಯವನ್ನು ತೋರಿಸುವ ಕನ್ನಡಿಯಾದಳು. ನಾರಣಪ್ಪನು ಸತ್ತು, ಅವನ ಶವಸಂಸ್ಕಾರ ಯಾರು ಮಾಡಬೇಕೆಂಬ ಪ್ರಶ್ನೆ ಎದ್ದಾಗ, ಆಚಾರ್ಯರು ಉತ್ತರವನ್ನು ಗ್ರಂಥಗಳಲ್ಲಿ ಹುಡುಕುತ್ತಾರೆ. ದೇವರ ಮುಂದೆ ಕುಳಿತು ಹೂವಿನ ಪ್ರಸಾದಕ್ಕೆ ಕಾಯುತ್ತಾರೆ. ಅತ್ತ ಶವ ಕೊಳೆಯುತ್ತಿದೆ. ಮನೆಯಲ್ಲಿ ಹೆಂಡತಿ ನರಳುತ್ತಿದ್ದಾಳೆ. ತಪ್ಪದ ಉತ್ತರ ಕೊಡುವವನೆಂಬ ತಮ್ಮ ಮೂರ್ತಿ ಒಡೆಯಬಾರದೆಂಬ ಚಿಂತೆ ಒಳಗೆ ಎಲ್ಲಿಯೋ ಇದೆ.

ಆಚಾರ್ಯರನ್ನು ಆತ್ಮಮೋಹಿಯೆಂದು ಕರೆದು ಮುಗಿಸಿಬಿಡುವದು ಅನ್ಯಾಯವಾದೀತು. ಚಂದ್ರಿಯ ಸಂಗದ ನಂತರ ಅವರು ತಮ್ಮನ್ನು ತಾವು ಕಾಣತೊಡಗುತ್ತಾರೆ. ಊರು ಬಿಟ್ಟು, ಹೆಸರು ಬಿಟ್ಟು ನಡೆಯುತ್ತಾರೆ. ಕನ್ನಡಿಯಿಂದ ಕಣ್ಣು ತೆಗೆದ ಮನುಷ್ಯನ ದಿಗ್ಭ್ರಮೆಯೇ ಚಿತ್ರದ ಉತ್ತರಾರ್ಧ. ಬಂಗಾಳದ ಸತ್ಯಜಿತ್ ರಾಯರ 'ಜಲಸಾಘರ್' (1958) ಚಿತ್ರದ ಜಮೀನುದಾರನಿಗೆ ಈ ಭಾಗ್ಯ ಇಲ್ಲ. ತನ್ನ ಸಂಗೀತ ಸಭೆಯ ವೈಭವಕ್ಕಾಗಿ ಹೆಂಡತಿ ಮಗನನ್ನು ಕರೆಸಿಕೊಳ್ಳಲು ಹೋಗಿ, ಬಿರುಗಾಳಿಯ ಹೊಳೆಗೆ ಅವರನ್ನು ಬಲಿಕೊಟ್ಟ ಮೇಲೆಯೂ, ಉಳಿದ ಹೊನ್ನನ್ನು ಕೊನೆಯ ಒಂದು ಸಭೆಗೆ ಸುರಿಯುತ್ತಾನೆ. ಪಾಳುಬಿದ್ದ ಮನೆಯಲ್ಲಿ ಅವನಿಗೆ ಉಳಿದದ್ದು ದೊಡ್ಡದೊಂದು ಕನ್ನಡಿ ಮತ್ತು ತನ್ನದೇ ಭಾವಚಿತ್ರ.

7. ಮನೆಯೊಳಗಿನ ಬೀಗ: ನಾಗಮಂಡಲ

ಅರಸರೂ ಆಚಾರ್ಯರೂ ಜಮೀನುದಾರರೂ ದೂರದವರು. ಟಿ. ಎಸ್. ನಾಗಾಭರಣರು 1997ರಲ್ಲಿ ನಿರ್ದೇಶಿಸಿದ 'ನಾಗಮಂಡಲ'ವಾದರೋ ಆತ್ಮಮೋಹವನ್ನು ನಮ್ಮ ಮನೆಯ ಹೊಸ್ತಿಲಿಗೆ ತಂದಿತು. ಜನಪದ ಕಥೆಯನ್ನು ಆಧರಿಸಿದ ಗಿರೀಶ ಕಾರ್ನಾಡರ ನಾಟಕವೇ ಇದರ ಮೂಲ. ಚಿತ್ರದ ಪಾತ್ರಗಳು ಆಡುವದೂ ನಮ್ಮ ಉತ್ತರ ಕರ್ನಾಟಕದ ಮಾತನ್ನೇ.

ಅಪ್ಪಣ್ಣನು ರಾಣಿಯನ್ನು ಮದುವೆಯಾಗಿ ತಂದು ಮನೆಯಲ್ಲಿಟ್ಟು ಬೀಗ ಹಾಕುತ್ತಾನೆ. ಮಧ್ಯಾಹ್ನದ ಊಟಕ್ಕೆ ಬರುತ್ತಾನೆ, ಉಂಡು ಹೋಗುತ್ತಾನೆ. ರಾತ್ರಿ ಅವನಿಗೆ ಬೇರೆ ಮನೆ. ಅವನ ಬಾಯಿಂದ ಬರುವದು ಅಪ್ಪಣೆ. ಪ್ರಶ್ನೆ ಅವನಿಗೆ ಸಹಿಸದು. ಹೆಂಡತಿಗೂ ಒಂದು ಮನಸ್ಸು ಇದೆ ಎಂಬುದು ಅವನ ಬುದ್ಧಿಗೆ ಹೊಳೆಯುವದೇ ಇಲ್ಲ. ಅವನಲ್ಲಿ ಹಿರಣ್ಯಕಶಿಪುವಿನ ಆರ್ಭಟವಿಲ್ಲ, ಕಿರೀಟವಿಲ್ಲ, ಕನ್ನಡಿಯ ಮುಂದೆ ನಿಲ್ಲುವ ಚಟವೂ ಇಲ್ಲ. ಆದಕಾರಣವೇ ಅವನು ಹೆಚ್ಚು ಭಯಂಕರ. ಇಂಥವನನ್ನು ಊರು ದುಷ್ಟನೆನ್ನುವದಿಲ್ಲ, ಗಂಡಸೆನ್ನುವದು.

ಇಲ್ಲಿಯೂ ದ್ವಿಪಾತ್ರವಿದೆ. ಅಪ್ಪಣ್ಣನ ರೂಪ ಧರಿಸಿ ರಾತ್ರಿ ಬರುವ ನಾಗನೂ ಪ್ರಕಾಶ ರೈ ಅವರೇ. ಅದೇ ಮುಖ, ಅದೇ ಮೈಕಟ್ಟು, ವ್ಯತ್ಯಾಸ ಒಂದೇ. ನಾಗನು ರಾಣಿಯ ಮಾತನ್ನು ಕೇಳುತ್ತಾನೆ. ಅವಳ ತಂದೆ ತಾಯಿಗಳ ನೆನಪು, ಅವಳ ಅಂಜಿಕೆ, ಅವಳ ಕನಸು ಇವೆಲ್ಲಕ್ಕೂ ಅವನಲ್ಲಿ ಕಿವಿ ಇದೆ. ಆತ್ಮಮೋಹಿಗೂ ಪ್ರೇಮಿಗೂ ನಡುವಿನ ಅಂತರ ರೂಪದಲ್ಲಿಲ್ಲ, ಕಿವಿಯಲ್ಲಿದೆ ಎಂಬುದನ್ನು ಇದಕ್ಕಿಂತ ಸರಳವಾಗಿ ತೋರಿಸುವದು ಸಾಧ್ಯವಿಲ್ಲ. ಈ ಕಥೆಯಲ್ಲಿ ಎಕೋ ತನ್ನ ದನಿಯನ್ನು ಮರಳಿ ಪಡೆಯುತ್ತಾಳೆ. ಗರ್ಭಿಣಿಯಾದ ರಾಣಿಯನ್ನು ಅಪ್ಪಣ್ಣನು ಪಂಚರ ಮುಂದೆ ನಿಲ್ಲಿಸಿದಾಗ, ಹಾವನ್ನು ಹಿಡಿದು ಅವಳು ತನ್ನ ಮಾತನ್ನು ತಾನೇ ಆಡುತ್ತಾಳೆ. ಆದರೆ ಒಂದು ಹೆಣ್ಣಿನ ಮಾತನ್ನು ನಂಬುವದಕ್ಕೆ ಊರಿಗೆ ಒಂದು ಪವಾಡ ಬೇಕಾಯಿತು ಎಂಬುದನ್ನೂ ನಾವು ಮರೆಯಬಾರದು.

8. 'ನಾನು' ಎಂಬ ನಾಯಕ

1999ರಲ್ಲಿ ಬಂದ 'ಉಪೇಂದ್ರ' ಚಿತ್ರವು ಈ ಸಾಲಿನಲ್ಲಿ ವಿಚಿತ್ರವಾದದ್ದು. ನಿರ್ದೇಶಕನೂ ನಾಯಕನೂ ಉಪೇಂದ್ರರೇ; ಚಿತ್ರದ ಹೆಸರೂ ಅವರದೇ; ನಾಯಕನ ಹೆಸರು 'ನಾನು'. ಮನಸ್ಸಿಗೆ ಬಂದದ್ದನ್ನು ಮುಚ್ಚುಮರೆಯಿಲ್ಲದೆ ಆಡುವ, ಮಾಡುವ ಈ ಮನುಷ್ಯನ ಸುತ್ತ ಮೂವರು ಸ್ತ್ರೀಯರ ಕಥೆ ಹೆಣೆದಿದೆ. ಇದಕ್ಕೆ ಹಿಂದಿನ ವರ್ಷದ 'ಎ' ಚಿತ್ರದಲ್ಲಿ ಸ್ವತಃ ಒಬ್ಬ ಚಿತ್ರನಿರ್ದೇಶಕನನ್ನೇ ನಾಯಕನನ್ನಾಗಿ ಮಾಡಿ, ಅವನ ಗರ್ವವನ್ನೂ ವ್ಯಾಮೋಹವನ್ನೂ ಅವರು ತೋರಿಸಿದ್ದರು.

'ನಾನು' ಎಂಬ ಹೆಸರಿನಲ್ಲಿ ಒಂದು ವ್ಯಾಕರಣದ ಬಲೆ ಇದೆ. ಆ ನಾಯಕನನ್ನು ಬಯ್ಯಹೊರಟ ಪ್ರೇಕ್ಷಕನು 'ನಾನು ಕೆಟ್ಟವನು' ಎನ್ನಬೇಕಾಗುತ್ತದೆ. ಹೊಗಳಹೊರಟರೂ 'ನಾನು ದೊಡ್ಡವನು' ಎನ್ನಬೇಕಾಗುತ್ತದೆ. ತೆರೆಯ ಮೇಲಿನವನ ದೋಷ ಕುರ್ಚಿಯ ಮೇಲಿನವನ ದೋಷವಾಗಿ ತಿರುಗಿಬರುತ್ತದೆ. ಇದು ಬಹು ಜಾಣತನದ ಕಲ್ಪನೆ.

ಆದರೆ ನಮ್ಮ ಎರಡನೆಯ ಪ್ರಶ್ನೆಯನ್ನು ಇಲ್ಲಿ ಕೇಳಿದರೆ ಉತ್ತರ ಅಷ್ಟು ಸಮಾಧಾನಕರವಲ್ಲ. ಆ ಸ್ತ್ರೀಯರ ನೋವು ಹಲವು ಕಡೆ ನಗೆಗೆ ಕಾರಣವಾಗುತ್ತದೆ. ಅವರನ್ನು ಕುರಿತ ನಾಯಕನ ಕಟುನುಡಿಗಳಿಗೆ ಸಿಳ್ಳು ಬೀಳುತ್ತವೆ. ವಿಡಂಬನೆಗೆಂದು ಹಿಡಿದ ಕನ್ನಡಿಯ ಮುಂದೆ ಪ್ರೇಕ್ಷಕನು ತಲೆ ಬಾಚಿಕೊಂಡು ಎದ್ದುಹೋಗುವ ಅಪಾಯ ಇಲ್ಲಿದೆ.

9. ತೆರೆಯೇ ಕನ್ನಡಿಯಾದಾಗ

ಈ ಅಪಾಯ ಒಂದು ಚಿತ್ರದ್ದಲ್ಲ, ಮಾಧ್ಯಮದ್ದೇ. ಮನುಷ್ಯನ ಮುಖವನ್ನು ಮನೆಯ ಗೋಡೆಯಷ್ಟು ಎತ್ತರಕ್ಕೆ ಹಿಗ್ಗಿಸಿ ತೋರಿಸುವ ಶಕ್ತಿ ಚಲಚ್ಚಿತ್ರಕ್ಕೆ ಬರುವ ಮೊದಲು ಯಾವ ಕಲೆಗೂ ಈ ಪ್ರಮಾಣದಲ್ಲಿ ಇರಲಿಲ್ಲ. ಹೀಗಿರಲು ಆತ್ಮಮೋಹವನ್ನು ಖಂಡಿಸಹೊರಟ ಚಿತ್ರವೂ ಅದನ್ನು ಅಲಂಕರಿಸಿಯೇ ತೋರಿಸಬೇಕಾಗುತ್ತದೆ. ಹಾಲಿವುಡ್ಡಿನ ಬಿಲ್ಲಿ ವೈಲ್ಡರ್ 1950ರ 'ಸನ್‌ಸೆಟ್ ಬೂಲೆವಾರ್ಡ್' ಚಿತ್ರದಲ್ಲಿ ಈ ಮಾಧ್ಯಮವನ್ನೇ ಪರೀಕ್ಷೆಗೆ ಒಡ್ಡಿದನು. ಮೂಕಿಚಿತ್ರಗಳ ಕಾಲದ ನಟಿ ನಾರ್ಮಾ ಡೆಸ್ಮಂಡ್ ತನ್ನ ಭಾವಚಿತ್ರಗಳು ತುಂಬಿದ ಮನೆಯಲ್ಲಿ, ಲೋಕ ತನ್ನನ್ನು ಇನ್ನೂ ಕಾಯುತ್ತಿದೆಯೆಂದು ನಂಬಿ ಬದುಕುತ್ತಾಳೆ. ಅವಳಿಗೆ ಬರುವ ಅಭಿಮಾನಿಗಳ ಪತ್ರಗಳನ್ನು ಬರೆಯುವವನು ಅವಳ ಮನೆಯ ಸೇವಕನೇ. ಒಂದು ಕಾಲದಲ್ಲಿ ಅವಳ ನಿರ್ದೇಶಕನೂ ಗಂಡನೂ ಆಗಿದ್ದವನು ಈಗ ಅವಳ ಪ್ರತಿಧ್ವನಿಯಾಗಿದ್ದಾನೆ. ಸತ್ಯಜಿತ್ ರಾಯರ 'ನಾಯಕ' (1966) ಇದಕ್ಕಿಂತ ಮೃದುವಾಗಿದೆ. ಪ್ರಶಸ್ತಿ ಸ್ವೀಕರಿಸಲು ರೈಲಿನಲ್ಲಿ ದಿಲ್ಲಿಗೆ ಹೊರಟ ಜನಪ್ರಿಯ ನಟನು ಪತ್ರಿಕೆಯ ಒಬ್ಬ ತರುಣಿಯ ಮುಂದೆ ಮನಸ್ಸು ಬಿಚ್ಚುತ್ತಾನೆ. ಅವಳು ಬರೆದುಕೊಂಡದ್ದನ್ನು ಹರಿದುಹಾಕುತ್ತಾಳೆ. ಅವನ ಪ್ರತಿಮೆಗೆ ಮಾರುಹೋಗದೆ, ಅದನ್ನು ಒಡೆದು ಲಾಭ ಪಡೆಯಲೂ ಒಪ್ಪದೆ, ಅವನನ್ನು ಮನುಷ್ಯನೆಂದು ಕಂಡ ಒಬ್ಬಳು ಅವನಿಗೆ ದೊರೆತಳು.

ಇಲ್ಲಿ 'ಅಭಿಮಾನಿ' ಎಂಬ ಶಬ್ದವನ್ನು ಮತ್ತೆ ನೆನೆಯೋಣ. ರಾಜಕುಮಾರರು ತಮ್ಮ ಪ್ರೇಕ್ಷಕರನ್ನು 'ಅಭಿಮಾನಿ ದೇವರುಗಳು' ಎಂದು ಕರೆಯುತ್ತಿದ್ದರು. ತೆರೆಯ ಮೇಲೆ ತಾನೇ ದೇವರೆಂದು ಗರ್ಜಿಸಿದ ನಟನು ತೆರೆಯ ಹೊರಗೆ ಎದುರಿನವರನ್ನು ದೇವರೆಂದನು. ಈ ಒಂದು ಮಾತಿನಲ್ಲಿ ಹಿರಣ್ಯಕಶಿಪುವಿಗೆ ಬೇಕಾದ ಔಷಧವಿದೆ. ಆದರೆ ದೇವರೆನಿಸಿಕೊಂಡವರಿಗೂ ಒಂದು ಹೊಣೆಯಿದೆ. ಕಟೌಟಿಗೆ ಹಾಲೆರೆದು ಬಂದು, ನಾಯಕನ ಕೂದಲು, ಕನ್ನಡಕ, ಮಾತಿನ ವರಸೆ ಇವನ್ನು ಕಲಿತರೆ ನಾವು ಪ್ರತಿಧ್ವನಿಗಳಾದೆವಲ್ಲದೆ ದೇವರಾಗಲಿಲ್ಲ.

ಇನ್ನೊಂದು ವಿಷಯವನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ನಮ್ಮ ಎಷ್ಟೋ ಜನಪ್ರಿಯ ಚಿತ್ರಗಳಲ್ಲಿ ನಾಯಕನು ನಾಯಿಕೆಯ ಬೆನ್ನುಹತ್ತುವನು, ಅವಳು 'ಬೇಡ' ಎನ್ನುವಳು, ಅವನು ಬಿಡನು, ಎರಡು ಹಾಡುಗಳಾಗುವಷ್ಟರಲ್ಲಿ ಅವಳ 'ಬೇಡ' ಎಂಬುದು 'ಬೇಕು' ಎಂದಾಗುವದು. ಇದನ್ನು ನಾವು ಪ್ರೇಮವೆಂದು ನೋಡಿಬರುತ್ತೇವೆ. ಇದು ಎಕೋಳ ಶಾಪದ ಕಥೆಯೇ ಹೊರತು ಬೇರೆಯಲ್ಲ. ಅವಳಿಗೆ ಸ್ವಂತ ಮಾತಿಲ್ಲ, ಅವನು ಬಯಸಿದ ಮಾತನ್ನು ಅವಳು ಮರುನುಡಿಯಬೇಕು. ಇಂಥ ಚಿತ್ರ ನೋಡಿದ ತರುಣನು ಬಸ್ ನಿಲ್ದಾಣದಲ್ಲಿಯೋ ಕಾಲೇಜಿನ ಓಣಿಯಲ್ಲಿಯೋ ಒಬ್ಬ ವಿದ್ಯಾರ್ಥಿನಿಯ ಮೌನವನ್ನು ಒಪ್ಪಿಗೆಯೆಂದು ತಿಳಿದರೆ, ಅದರ ಫಲ ಅವಳ ಓದು ನಿಲ್ಲುವದರಲ್ಲಿ ಕೊನೆಗೊಳ್ಳಬಹುದು. ಹಳ್ಳಿಯಿಂದ ಬರುವ ಹುಡುಗಿಯನ್ನು ಮನೆಯವರು ಕಾಲೇಜು ಬಿಡಿಸುವದಕ್ಕೆ ದೊಡ್ಡ ಕಾರಣವೇನೂ ಬೇಕಾಗುವದಿಲ್ಲ. ಆತ್ಮಮೋಹದ ವಿಚಾರ ಪುಸ್ತಕದ ವಿಚಾರವಷ್ಟೇ ಅಲ್ಲವೆಂದು ಹೇಳುವದಕ್ಕೆ ಈ ಒಂದು ಉದಾಹರಣೆ ಸಾಕು.

10. ನಮ್ಮ ನೆಲದ ಉತ್ತರ

'ನಾನು' ಎಂಬುದರ ವಿಚಾರವನ್ನು ನಮ್ಮ ನೆಲವು ಚಲಚ್ಚಿತ್ರ ಹುಟ್ಟುವದಕ್ಕೆ ನೂರಾರು ವರ್ಷಗಳ ಮೊದಲೇ ಮಾಡಿತ್ತು. ಶಿಗ್ಗಾವಿ ತಾಲೂಕಿನ ಬಾಡದಲ್ಲಿ ಹುಟ್ಟಿ, ನಾಯಕತನವನ್ನು ತೊರೆದು, ಕಾಗಿನೆಲೆಯ ಆದಿಕೇಶವನ ದಾಸರಾದ ಕನಕರ ಕಥೆ ಎಲ್ಲರೂ ಕೇಳಿದ್ದೇ. ವೈಕುಂಠಕ್ಕೆ ಯಾರು ಹೋಗಬಲ್ಲರೆಂದು ಸಭೆಯಲ್ಲಿ ಕೇಳಿದಾಗ, 'ನಾನು' ಹೋದರೆ ಹೋಗಬಹುದೆಂದು ಅವರು ಉತ್ತರಿಸಿದರೆಂದು ಜನ ಹೇಳುತ್ತಾರೆ. ಮೊದಲಿಗೆ ಅದು ಗರ್ವದ ಮಾತೆಂದು ತೋರಿತು. ನಾನೆಂಬ ಭಾವ ತೊಲಗಿದರೆ ಎಂಬ ಅರ್ಥ ಆಮೇಲೆ ಹೊಳೆಯಿತು. 'ಉಪೇಂದ್ರ' ಚಿತ್ರದ ಹೆಸರಿನ ಆಟವೂ ಈ ಮಾತಿನ ಆಟವೂ ಒಂದೇ ಶಬ್ದದ ಮೇಲೆ ನಿಂತಿರುವದು ವಿಚಾರಾರ್ಹವಾಗಿದೆ. ವೈ. ಆರ್. ಸ್ವಾಮಿಯವರ 'ಭಕ್ತ ಕನಕದಾಸ' (1960) ಚಿತ್ರದಲ್ಲಿ ಕನಕರಾದವರೂ ರಾಜಕುಮಾರರೇ.

ಅದೇ ಶಿಗ್ಗಾವಿ ತಾಲೂಕಿನ ಶಿಶುನಾಳದ ಷರೀಫರನ್ನು ಕುರಿತು ನಾಗಾಭರಣರು 1990ರಲ್ಲಿ 'ಸಂತ ಶಿಶುನಾಳ ಷರೀಫ' ಚಿತ್ರ ಮಾಡಿದರು. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಇರುವ ನರ್ಗಿಸ್ ದತ್ ಪ್ರಶಸ್ತಿಯನ್ನು ಅದು ಪಡೆಯಿತು. ಷರೀಫರಾಗಿ ಶ್ರೀಧರ್, ಗುರು ಗೋವಿಂದಭಟ್ಟರಾಗಿ ಗಿರೀಶ ಕಾರ್ನಾಡರು ನಟಿಸಿದರು. ತನ್ನ ಜಾತಿಯವರ ಬಿರುನುಡಿಗಳನ್ನು ಲೆಕ್ಕಿಸದೆ ಶಿಷ್ಯನನ್ನು ಸ್ವೀಕರಿಸಿದ ಗುರು, ಗುರುವಿನಿಂದ ಕಲಿತೂ ಅವನ ಪ್ರತಿಧ್ವನಿಯಾಗದೆ ತನ್ನದೇ ದನಿಯಲ್ಲಿ ಹಾಡಿದ ಶಿಷ್ಯ. ಆತ್ಮಮೋಹವಿಲ್ಲದ ಸಂಬಂಧ ಹೇಗಿರಬಹುದೆಂಬುದಕ್ಕೆ ಇದು ನಿದರ್ಶನ. 'ಸಂಸ್ಕಾರ'ದ ಆಚಾರ್ಯರಾದ ನಟರೇ ಇಪ್ಪತ್ತು ವರ್ಷಗಳ ತರುವಾಯ ಗೋವಿಂದಭಟ್ಟರಾದದ್ದು ಆಕಸ್ಮಿಕವಿರಬಹುದು. ಎರಡನ್ನೂ ಒಟ್ಟಿಗೆ ನೋಡಿದವರಿಗೆ ಮಾತ್ರ ಅದು ಒಂದು ಪಾಠವಾಗಿ ತೋರುವದು.

11. ಉಪಸಂಹಾರ

ಒಟ್ಟಿನಲ್ಲಿ ಕನ್ನಡ ಚಿತ್ರಗಳು ಆತ್ಮಮೋಹವನ್ನು ಮೊದಲು ಅರಮನೆಯಲ್ಲಿ ಕಂಡವು. ಆಮೇಲೆ ಅಗ್ರಹಾರದಲ್ಲಿ, ಬೀಗ ಹಾಕಿದ ಮನೆಯಲ್ಲಿ, ಕೊನೆಗೆ ಪ್ರೇಕ್ಷಕನ ಕುರ್ಚಿಯಲ್ಲಿಯೇ ಅದನ್ನು ತೋರಿಸಲು ಯತ್ನಿಸಿದವು. ರಾಕ್ಷಸನ ದೋಷವೆಂದು ತಿಳಿದದ್ದು ಮನುಷ್ಯನ ದೋಷವಾಗಿ ಹತ್ತಿರ ಬಂದಿತು. ಇದು ಪ್ರಗತಿಯೇ ಸರಿ.

ಸ್ವಾಭಿಮಾನವೂ ಆತ್ಮಮೋಹವೂ ಒಂದಲ್ಲ ಎಂಬುದನ್ನು ಇಲ್ಲಿ ಒತ್ತಿಹೇಳಬೇಕು. ತನ್ನ ತಾಯಿಯ ಮಾನಕ್ಕಾಗಿ ಬಿಲ್ಲು ಎತ್ತಿದ ಬಭ್ರುವಾಹನನದು ಸ್ವಾಭಿಮಾನ. ತಂದೆಗೇ ಪ್ರತಿಧ್ವನಿಯಾಗಲು ಒಪ್ಪದ ಪ್ರಹ್ಲಾದನದೂ ಸ್ವಾಭಿಮಾನ. ಪಂಚರ ಮುಂದೆ ತನ್ನ ಮಾತನ್ನು ಆಡಿದ ರಾಣಿಯದೂ ಸ್ವಾಭಿಮಾನವೇ. ಬಡವರ ಮಕ್ಕಳಾದ ನಮ್ಮಲ್ಲಿ ಹಲವರಿಗೆ ಬೇಕಾದದ್ದು ಅದು ಇನ್ನೂ ಹೆಚ್ಚಾಗಿ. ಸ್ವಾಭಿಮಾನಿಯು ತನ್ನ ದನಿಯನ್ನು ಉಳಿಸಿಕೊಳ್ಳುವನು. ಆತ್ಮಮೋಹಿಯು ಇತರರ ದನಿಯನ್ನು ಕಿತ್ತುಕೊಳ್ಳುವನು.

ಇನ್ನು ಮುಂದೆ ಯಾವುದೇ ಚಿತ್ರ ನೋಡುವಾಗ ನಾಯಕನ ಮೇಲೆ ಬಿದ್ದ ಬೆಳಕಿನಿಂದ ಒಂದು ಕ್ಷಣ ಕಣ್ಣು ತೆಗೆದು, ಚೌಕಟ್ಟಿನ ಅಂಚಿನಲ್ಲಿ ಸುಮ್ಮನೆ ನಿಂತವರನ್ನು ನೋಡಿರೆಂದು ಸಹಪಾಠಿಗಳಲ್ಲಿ ನನ್ನ ವಿನಂತಿ. ಕಯಾಧು ಅಲ್ಲಿದ್ದಾಳೆ, ಚಿತ್ರಾಂಗದೆ ಇದ್ದಾಳೆ, ಭಾಗೀರಥಿ ಇದ್ದಾಳೆ. ಅವರಿಗೆ ಮಾತಾಡುವ ಅವಕಾಶ ಸಿಕ್ಕಿತೇ ಎಂದು ಕೇಳಿಕೊಂಡರೆ ಚಿತ್ರದ ಬೆಲೆ ತಾನಾಗಿ ತಿಳಿಯುವದು. ಅದೇ ಪ್ರಶ್ನೆಯನ್ನು ಮನೆಗೆ ಹೋದಾಗ ತಾಯಿ, ಅಕ್ಕ, ತಂಗಿಯರ ವಿಷಯದಲ್ಲಿಯೂ ಕೇಳಿಕೊಂಡರೆ ಈ ಅಭ್ಯಾಸ ಸಾರ್ಥಕವಾಗುವದು.